ಏಣಿ ಹಿಡಿಯುವವರ ಗೆಳೆಯರು

ಏಣಿ ಹತ್ತಿದವನನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಕೆಳಗೆ ನಿಂತು ಏಣಿ ಹಿಡಿದವನ ಕಡೆ ಯಾರ ಗಮನವೂ ಹೋಗುವುದಿಲ್ಲ. ಮೇಲಿರುವವನು ಒಮ್ಮೊಮ್ಮೆ ಬಗ್ಗಿ ನೋಡುತ್ತಾನೆ ನಿಜ, ಆದರೆ ಅವನಿಗೆ ಕಾಣುವುದು ನೆತ್ತಿ ಮಾತ್ರ.

ನಮ್ಮ ಗುಮಾಸ್ತರು ಹೀಗೆ ವರ್ಷಗಟ್ಟಲೆ ನೆತ್ತಿಯಾಗಿಯೇ ಬದುಕಿದವರು. ವಾರವಿಡೀ ರೈಲು ನಿಲ್ದಾಣದ ಮೂಲೆಯಲ್ಲಿರುವ ಕಳೆದ ಸಾಮಾನುಗಳ ಕಚೇರಿಯಲ್ಲಿ ಕೂತು, ಜನ ರೈಲಿನಲ್ಲಿ ಮರೆತುಹೋದ ಚೀಲ, ಬೂಟು, ಕನ್ನಡಕಗಳನ್ನು ಕಾಯುವುದು. ಶನಿವಾರ, ಭಾನುವಾರ ಹೆಂಡತಿಯ ಅಣ್ಣನ ಮನೆಗೆ ಹೋಗಿ ಏಣಿ ಹಿಡಿಯುವುದು. ಈ ಭಾವ ವಿಮಾ ಕಂಪನಿಯಲ್ಲಿ ತನಿಖಾಧಿಕಾರಿಯಾಗಿದ್ದು ನಿವೃತ್ತರಾದವರು. ಅಂಗಡಿ ತಾನಾಗಿ ಸುಟ್ಟಿತೋ ಯಾರಾದರೂ ಸುಟ್ಟರೋ ಎಂದು ಪತ್ತೆ ಹಚ್ಚಿಯೇ ಆಯುಸ್ಸು ಕಳೆದವರಿಗೆ ಈಗ ಪತ್ತೆ ಹಚ್ಚಲು ಏನೂ ಸಿಗದೆ, ತಮ್ಮದೇ ಮನೆಯ ಗೋಡೆ, ಸೂರು, ಕಿಟಕಿಗಳ ಮೇಲೆ ಬಿದ್ದಿದ್ದರು. ಅವರು ಮೇಲೆ ನಿಂತು ಬಿರುಕು ಹುಡುಕುತ್ತಿದ್ದರು, ಗುಮಾಸ್ತರು ಕೆಳಗೆ ನಿಂತು "ಹೌದ್ಹೌದು" ಅನ್ನುತ್ತಿದ್ದರು.

ಗುರುವಾರ ಮಧ್ಯಾಹ್ನ ಕಚೇರಿಯ ಫೋನು ಹೊಡೆದುಕೊಂಡಿತು.

"ಶನಿವಾರ ಬೆಳಗ್ಗೆ ಬೇಗ ಬಂದ್ಬಿಡು," ಎಂದರು ಭಾವ. "ಸೂರಿಗೆ ಬಣ್ಣ. ಭಾನುವಾರ ಅದರ ಮೇಲೆ ಇನ್ನೊಂದು ಸಲ ಬಣ್ಣ."

"ಹೌದ್ಹೌದು" ಎನ್ನಲೆಂದೇ ಗುಮಾಸ್ತರು ಬಾಯಿ ತೆರೆದರು. ಆದರೆ ಒಳಗೆ ಏನು ಅಡ್ಡ ಸಿಕ್ಕಿತೋ, ಹೊರಗೆ ಬಂದ ಮಾತೇ ಬೇರೆ. "ಈ ಸಲ ಆಗಲ್ಲ ಭಾವ. ಗೆಳೆಯರು ಬರ್ತಿದ್ದಾರೆ. ಎರಡು ದಿನಾನೂ ಇರ್ತಾರೆ. ಪುರುಸೊತ್ತೇ ಇಲ್ಲ."

"ಯಾರ ಗೆಳೆಯರು?"

"ನನ್ನ ಗೆಳೆಯರೇ."

"ನಿನಗೆ ಗೆಳೆಯರಾ?" ಹೀಗಳೆಯುವ ಉದ್ದೇಶ ಭಾವನಿಗೆ ಇರಲಿಲ್ಲ. ಅವರ ದನಿಯಲ್ಲಿ ಇದ್ದದ್ದು ಅಪ್ಪಟ ಕುತೂಹಲ. ಎಷ್ಟೋ ಕಾಲದ ಮೇಲೆ ಅವರಿಗೊಂದು ತನಿಖೆ ಸಿಕ್ಕಿತ್ತು. "ಯಾರ್ಯಾರು? ಗುರುತು ಹೇಳು, ಕೇಳೋಣ."

ಗುರುತು ಹೇಳಿ! ಇದು ಗುಮಾಸ್ತರದೇ ಮಾತು. ಆ ಕಚೇರಿಗೆ ಇದ್ದದ್ದು ಒಂದೇ ನಿಯಮ: ಬಂದವರು ತಮ್ಮ ವಸ್ತುವಿನ ಗುರುತು ಹೇಳಬೇಕು, ಸರಿಯಾಗಿ ಹೇಳಿದರೆ ತೆಗೆದುಕೊಂಡು ಹೋಗಬಹುದು. ದಿನವಿಡೀ ಮಂದಿಗೆ ಕೇಳುತ್ತಿದ್ದ ಪ್ರಶ್ನೆ ತಮಗೇ ಬಂದಾಗ ಗುಮಾಸ್ತರು ದಿಕ್ಕು ತೋಚದೆ ಎದುರಿನ ಕಪಾಟನ್ನು ನೋಡಿದರು. ಅಲ್ಲಿ ಒಂದು ದೊಡ್ಡ ಹಿತ್ತಾಳೆ ತುತ್ತೂರಿ ಇತ್ತು.

"ಒಬ್ಬ ತುತ್ತೂರಿ ಊದ್ತಾನೆ," ಎಂದರು. "ಭಾರಿ ಆಳು. ಎದೆ ಇಷ್ಟಗಲ."

ತುತ್ತೂರಿಯ ಪಕ್ಕದಲ್ಲಿ, ಗಾಜಿನ ಲೋಟದ ನೀರೊಳಗೆ ಒಂದು ಜೊತೆ ಕಟ್ಟಿಸಿದ ಹಲ್ಲು ನಗುತ್ತಾ ಕೂತಿತ್ತು.

"ಇನ್ನೊಬ್ಬರು ಸದಾ ನಗುಮುಖ. ಹಲ್ಲು ನೋಡಬೇಕು ನೀವು, ಸಾಲಾಗಿ ಜೋಡಿಸಿಟ್ಟ ಹಾಗಿದೆ."

ಮೂಲೆಯಲ್ಲಿ ಒಂದು ಹಸಿರು ಕೊಡೆ. ಇಡೀ ಸಂಸಾರ ಅದರಡಿ ನಿಲ್ಲಬಹುದು, ಅಷ್ಟು ದೊಡ್ಡದು.

"ಮತ್ತೊಬ್ಬರು ಹಸಿರು ಕೊಡೆ ಬಿಟ್ಟು ಆಚೆ ಹೊರಡೋದೇ ಇಲ್ಲ. ಬಾಗಿಲಿಗೆ ತಲೆ ತಗಲುತ್ತೆ, ಅಷ್ಟೆತ್ತರ."

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ ಇದನ್ನೆಲ್ಲ ಕಿವಿಯಿಟ್ಟು ಕೇಳುತ್ತಿದ್ದ. ಪರೋಪಕಾರ ಅವನ ರಕ್ತದಲ್ಲೇ ಇತ್ತು. ಪರೋಪಕಾರಕ್ಕೆ ಮೊದಲು ಪೂರ್ತಿ ವಿಚಾರಿಸುವ ಅಭ್ಯಾಸ ಮಾತ್ರ ಎಲ್ಲೂ ಇರಲಿಲ್ಲ.

ಗುಮಾಸ್ತರು ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ಬಂದು ಕೂತಿತ್ತು. ಹೆಂಡತಿ ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುವಾಕೆ. ಮಾತು ಕಡಿಮೆ, ಕಣ್ಣು ಜಾಸ್ತಿ. ಆಕೆ ಮನೆಯ ಪರದೆಗಳನ್ನೆಲ್ಲ ಒಗೆದು ಹರವಿದ್ದಳು. ಮೇಲಿನ ಮನೆಯ ದರ್ಜಿ ಕುರ್ಚಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದ.

"ಅಣ್ಣ ಫೋನ್ ಮಾಡಿದ್ದ," ಎಂದಳು ಹೆಂಡತಿ. "ನಿಮ್ಮ ಗೆಳೆಯರು ಬರ್ತಾರಂತೆ."

"ಹೌದ್ಹೌದು."

"ಮದುವೆ ಆದಾಗಿನಿಂದ ಈ ಮನೆಗೆ ನನ್ನ ಕಡೆಯವರು ಬಂದಿದ್ದಾರೆ, ಮೀಟರ್ ನೋಡೋರು ಬಂದಿದ್ದಾರೆ. ನಿಮ್ಮನ್ನೇ ನೋಡಬೇಕು ಅಂತ ಒಬ್ಬರೂ ಬಂದಿಲ್ಲ." ಆಕೆ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹೇಳಿದಳು: "ಕೇಕ್ ಮಾಡ್ತೀನಿ. ದೊಡ್ಡದೇ ಮಾಡ್ತೀನಿ."

ಆಕೆ ಕೇಕಿಗೆ ಹಿಟ್ಟು ಜರಡಿ ಹಿಡಿಯುತ್ತಾ ಮೆಲ್ಲಗೆ ಏನೋ ಹಾಡಿಕೊಳ್ಳತೊಡಗಿದಳು. ಭಾವನಿಗೆ ನಿಜ ಹೇಳಿ ಬೈಸಿಕೊಳ್ಳಬಹುದಿತ್ತು. ಜರಡಿ ಹಿಡಿದು ಹಾಡುವವಳಿಗೆ ಹೇಳುವುದು ಹೇಗೆ? "ಅಣ್ಣನೂ ಬರ್ತಾನಂತೆ, ನೋಡೋಕೆ," ಎಂದು ಆಕೆ ಒಳಗಿನಿಂದ ಕೂಗಿದಳು.

ಶನಿವಾರ ಬೆಳಗ್ಗೆ ಭಾವ ಎಲ್ಲರಿಗಿಂತ ಮುಂಚೆ ಬಂದು, ಬಾಗಿಲು ನೇರವಾಗಿ ಕಾಣುವ ಕುರ್ಚಿ ಹಿಡಿದರು. ಕುರ್ಚಿ ಕೊಟ್ಟ ಹಕ್ಕಿನಿಂದ ದರ್ಜಿಯೂ ಅಳತೆ ಪಟ್ಟಿ ಕೊರಳಲ್ಲಿ ಇಳಿಬಿಟ್ಟುಕೊಂಡೇ ಒಂದರಲ್ಲಿ ಕೂತ. ಮೇಜಿನ ಮೇಲೆ ಕೇಕು. ಗುಮಾಸ್ತರು ಮನಸ್ಸಿನಲ್ಲೇ ಗೆಳೆಯರಿಗೆ ಕಾಯಿಲೆಗಳನ್ನು ಹಂಚುತ್ತಿದ್ದರು: ತುತ್ತೂರಿಯವನಿಗೆ ಜ್ವರ, ಹಲ್ಲಿನವರಿಗೆ ಹೊಟ್ಟೆನೋವು, ಕೊಡೆಯವರಿಗೆ ಬೆನ್ನು ಹಿಡಿದಿದೆ. ಮೂರು ಫೋನು ಬಂದಂತೆ ನಟಿಸಿದರೆ ಊಟದ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ಕಡ್ಡಿಯಂಥ ಒಬ್ಬ ಮನುಷ್ಯ, ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. "ನಾನು ತುತ್ತೂರಿಯವನು," ಎಂದ ಮೆಲ್ಲಗೆ. "ಕಚೇರಿಗೆ ಬೀಗ ಹಾಕಿತ್ತು. ಕಾವಲುಗಾರರು ನನ್ನ ನೋಡಿ ಬಹಳ ಸಂತೋಷಪಟ್ಟರು. ಸಾಹೇಬರು ನಿಮಗೋಸ್ಕರ ಮನೇಲಿ ಕಾಯ್ತಿದ್ದಾರೆ, ಹೋಗಿ ಅಂದರು."

ಗುಮಾಸ್ತರು ಹೊಸ್ತಿಲಾಚೆ ಬಂದರು. ಬಾಗಿಲನ್ನು ಬೆನ್ನಿಗೆ ಎಳೆದುಕೊಂಡು ಪಿಸುಗುಟ್ಟಿದರು. "ತುತ್ತೂರಿ ಸೋಮವಾರ ಖಂಡಿತ ಕೊಡ್ತೀನಿ. ಈಗ ಒಳಗೆ ಬಂದು ನನ್ನ ಗೆಳೆಯರ ಹಾಗೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ತುತ್ತೂರಿಯವನು ಯೋಚಿಸಿದ. "ಇದು ನಿಯಮಾನಾ?"

"ಹೌದ್ಹೌದು," ಎಂದರು ಗುಮಾಸ್ತರು. ಅಭ್ಯಾಸಬಲ.

ನಿಯಮವೆಂದರೆ ಮುಗಿಯಿತು. ತುತ್ತೂರಿಯವನು ಮೆರವಣಿಗೆಯ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಮುಂದಿನವನ ಹಿಮ್ಮಡಿ ನೋಡಿಕೊಂಡೇ ಹೆಜ್ಜೆ ಹಾಕಿದವನು. ನೇರ ಒಳಗೆ ನಡೆದು, ಕುರ್ಚಿಯ ಅಂಚಿನಲ್ಲಿ ಕೂತು, ಎಲ್ಲರಿಗೂ ಕೇಳುವಂತೆ ಘೋಷಿಸಿದ: "ನಾನು ಇವರ ಗೆಳೆಯ."

ಭಾವ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಎದೆ ಇಷ್ಟಗಲ ಅಂದಿದ್ದೆ?"

"ಇಪ್ಪತ್ತೆಂಟು ಇಂಚು," ಎಂದ ದರ್ಜಿ, ಕಣ್ಣಳತೆಯಲ್ಲೇ. "ಮೂವತ್ತಂತೂ ಖಂಡಿತ ಇಲ್ಲ."

"ಊದುವಾಗ ಅಗಲ ಆಗುತ್ತೆ," ಎಂದರು ಗುಮಾಸ್ತರು.

ಕೇಕಿನ ಮೊದಲ ತುಂಡು ಮುಗಿಯುವ ಮುಂಚೆ ಮತ್ತೆ ಗಂಟೆ. ಈ ಸಲ ಬಂದವರ ಬಾಯಿ ಒಳಗೆ ಸೇರಿಹೋಗಿತ್ತು. ಹರಾಜು ಕೂಗುವ ಕಸುಬಿನವರು. ಹಲ್ಲಿಲ್ಲದಿದ್ದರೂ ದನಿಗೆ ಏನೂ ಕೊರತೆ ಇರಲಿಲ್ಲ. "ನನ್ನ ಹಲ್ಲು ಎಲ್ರೀ?" ಎಂದು ಬೀದಿಗೆಲ್ಲ ಕೇಳುವಂತೆ ಗರ್ಜಿಸಿದರು. ಗುಮಾಸ್ತರು ಬಾಯಿ ತೆರೆಯುವ ಮೊದಲೇ ತುತ್ತೂರಿಯವನು ಎದ್ದು ಹೋಗಿ ಅವರ ಕಿವಿಯಲ್ಲಿ ನಿಯಮ ವಿವರಿಸಿದ: ಗೆಳೆಯರಾಗಬೇಕು, ಕಾಫಿ ಕುಡಿಯಬೇಕು, ಸೋಮವಾರ ಸಾಮಾನು ಸಿಗುತ್ತದೆ.

"ಕಾಫಿ ಕಡ್ಡಾಯಾನಾ?"

"ನನಗೆ ಕೊಟ್ಟರು. ಕಡ್ಡಾಯಾನೇ ಇರಬೇಕು."

ಹರಾಜಿನವರು ಒಳಗೆ ಬಂದು ಗುಮಾಸ್ತರ ಹೆಗಲ ಮೇಲೆ ಕೈ ಹಾಕಿ, "ಏನೋ ಗೆಳೆಯಾ!" ಎಂದು ಕೂಗಿದರು. ಕಿಟಕಿಯ ಗಾಜು ಅಲುಗಿತು.

ಭಾವ ಎದ್ದು ನಿಂತರು. "ಸಾಲಾಗಿ ಜೋಡಿಸಿಟ್ಟ ಹಲ್ಲು ಅಂದಿದ್ದೆ!"

"ನಾನು ಕೊನೇ ಸಲ ನೋಡಿದಾಗ ಇತ್ತು ಭಾವ," ಎಂದರು ಗುಮಾಸ್ತರು. ಆ ದಿನ ಅವರಾಡಿದ ಮಾತುಗಳಲ್ಲಿ ಪೂರ್ತಿ ಸತ್ಯವಾದದ್ದು ಇದೊಂದೇ.

ಮಧ್ಯಾಹ್ನ ಮೂರನೆಯವರು ಬಂದರು. ಬಾಗಿಲು ತೆಗೆದಾಗ ಗುಮಾಸ್ತರಿಗೆ ಮೊದಲು ಯಾರೂ ಕಾಣಲಿಲ್ಲ. ಕಣ್ಣು ತಗ್ಗಿಸಿದರೆ ಒಬ್ಬ ಅಜ್ಜಿ ಇದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಹರಾಜಿನವರು ನಿಯಮವನ್ನು ಹೇಳುವಾಗ ತಮ್ಮ ಕಡೆಯಿಂದ ಒಂದಷ್ಟು ಏರಿಸಿಯೇ ಹೇಳಿದರು: ಗೆಳೆತನ ಎರಡು ದಿನದ್ದು, ನಾಳೆಯೂ ಬರಬೇಕು, ಒಬ್ಬೊಬ್ಬರು ಒಂದೊಂದು ಜೋಕು ಹೇಳಲೇಬೇಕು.

"ಒಳ್ಳೇ ನಿಯಮ," ಎಂದರು ಅಜ್ಜಿ. "ಆಸ್ಪತ್ರೇಲೂ ಇರಬೇಕಿತ್ತು."

ಭಾವನ ದನಿ ಕ್ಷೀಣಿಸಿತ್ತು. "ಬಾಗಿಲಿಗೆ ತಲೆ ತಗಲುತ್ತೆ ಅಂದಿದ್ದೆ..."

"ಹಸಿರು ಕೊಡೆ ಇರೋದು ನಿಜ ಅಲ್ವಾ?" ಎಂದು ಗುಮಾಸ್ತರ ಹೆಂಡತಿ ಅಜ್ಜಿಯನ್ನೇ ಕೇಳಿದಳು. "ನಿಮಗೆ ಅಷ್ಟು ದೊಡ್ಡ ಕೊಡೆ ಯಾಕಮ್ಮಾ?"

"ದಾರೀಲಿ ನೆನೀತಾ ಇರೋರು ಸಿಗ್ತಾರಲ್ಲ," ಎಂದರು ಅಜ್ಜಿ. "ಅವರಿಗೂ ಜಾಗ ಬೇಕಲ್ವಾ?"

ಅಲ್ಲಿಂದ ಮುಂದೆ ಯಾರು ಯಾರನ್ನು ಸತ್ಕರಿಸುತ್ತಿದ್ದಾರೆ ಎಂಬುದೇ ತಿಳಿಯದಂತಾಯಿತು. ಹರಾಜಿನವರು ಮನೆಯಲ್ಲಿದ್ದ ಮುರುಕು ಗಡಿಯಾರವನ್ನು ತಮಾಷೆಗೆ ಹರಾಜು ಹಾಕಿದರು, ದರ್ಜಿ ಗೆದ್ದ. ತುತ್ತೂರಿಯವನು ತುತ್ತೂರಿ ಇಲ್ಲದೆ ಎರಡೂ ಅಂಗೈ ಬಾಯಿಗೆ ಹಿಡಿದು ಒಂದು ಪೂರ್ತಿ ಮೆರವಣಿಗೆ ನುಡಿಸಿದ. ಎದೆ ನಿಜಕ್ಕೂ ಅಗಲವಾಯಿತು. ಗುಮಾಸ್ತರು ಕೇಳುತ್ತಾ ಕೇಳುತ್ತಾ ತಮ್ಮ ಸುಳ್ಳನ್ನೇ ಮರೆತು, ಹರಾಜಿನವರ ಒಂದು ಜೋಕಿಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರು ಹಾಗೆ ನಗುವುದನ್ನು ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

ತಾಪತ್ರಯ ಶುರುವಾದದ್ದು ಭಾನುವಾರ. ಬರುವ ದಾರಿಯಲ್ಲಿ ಅಜ್ಜಿ ಕಾವಲುಗಾರನನ್ನು ಕಂಡು, "ಎಂಥಾ ಒಳ್ಳೇ ನಿಯಮ ಮಾಡಿದ್ದೀರಪ್ಪಾ!" ಎಂದು ಹೊಗಳಿದ್ದರು. ಇಂಥ ನಿಯಮ ಬಂದದ್ದು ತನಗೇ ಗೊತ್ತಿಲ್ಲವಲ್ಲ ಎಂದು ನಾಚಿದ ಕಾವಲುಗಾರ, ಆ ನಾಚಿಕೆಯನ್ನು ದುಡಿದು ತೀರಿಸಲು ನಿಂತ. ಅಂದು ಕಚೇರಿಯ ಬೀಗ ನೋಡಿದ ಪ್ರತಿಯೊಬ್ಬರನ್ನೂ ಗುಮಾಸ್ತರ ಮನೆಗೆ ಕಳಿಸಿದ.

ಒಂದೇ ಕಾಲಿಗೆ ಬೂಟು ಹಾಕಿಕೊಂಡವನು ಬಂದ. ಖಾಲಿ ಪಂಜರ ಹುಡುಕುತ್ತಿದ್ದ ಅಮ್ಮ ಮಗಳು, ಪಂಜರದಲ್ಲಿರಬೇಕಾದ ಗಿಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡೇ ಬಂದರು. ಚದುರಂಗದ ಒಂದು ಕುದುರೆ ಕಳೆದುಕೊಂಡ ಇಬ್ಬರು ಮುದುಕರು ಜಗಳವಾಡುತ್ತಲೇ ಒಳಬಂದು, ದರ್ಜಿಯ ಬೆರಳುಟೋಪಿಯನ್ನು ಕುದುರೆಯಾಗಿಸಿ ಆಟ ಮುಂದುವರಿಸಿದರು. ಪ್ರತಿಯೊಬ್ಬರೂ ಹೊಸ್ತಿಲಲ್ಲಿ ನಿಂತು "ನಾವು ಇವರ ಗೆಳೆಯರು" ಎಂದು ಘೋಷಿಸಿ, "ಕಾಫಿ ಎಲ್ಲಿ ಕೊಡ್ತಾರೆ?" ಎಂದು ಕೇಳುತ್ತಿದ್ದರು. ಕುರ್ಚಿ ಸಾಲದೆ ದರ್ಜಿ ತನ್ನ ಮೇಜನ್ನೇ ಇಳಿಸಿದ. ಎದುರಿನ ಬೀದಿಯವರು ಕಿಟಕಿಗಳಲ್ಲಿ ನಿಂತರು. ಭಾವ ಗೋಡೆಗೆ ಒರಗಿ, ಒಬ್ಬೊಬ್ಬರು ಒಳಬಂದಾಗಲೂ ಒಂದಿಂಚು ಕೆಳಗೆ ಜಾರುತ್ತಿದ್ದರು.

"ಇಷ್ಟು ಜನ," ಎಂದರು ತಂಗಿಯ ಹತ್ತಿರ. "ನನಗೂ ಇಲ್ಲ ಕಣೇ ಇಷ್ಟು ಜನ."

ಸಂಜೆ ನಾಲ್ಕರ ಹೊತ್ತಿಗೆ ನಿಲ್ದಾಣದ ಮೇಲಧಿಕಾರಿಯೇ ಬಂದರು. ಅವರಿಗೆ ಏನೂ ಕಳೆದಿರಲಿಲ್ಲ. ಪ್ಲಾಟ್‌ಫಾರಂನಲ್ಲಿ ಯಾರೋ, "ಹೊಸ ನಿಯಮದ ಗೆಳೆತನ ಯಾವ ಮನೇಲಿ?" ಎಂದು ಅವರನ್ನೇ ದಾರಿ ಕೇಳಿದ್ದರು. ಕಾವಲುಗಾರ ತಾನೇ ಮುಂದಾಗಿ ಅವರನ್ನು ಕರೆತಂದಿದ್ದ. ನಿಯಮಗಳೆಲ್ಲ ಬಾಯಿಪಾಠವಿದ್ದ ಮನುಷ್ಯ ಅವರು. ತಮಗೆ ಗೊತ್ತಿಲ್ಲದ ಒಂದಿದೆ ಎಂದರೆ ಅವರಿಗೆ ಕೂತಲ್ಲಿ ಕೂರಲಾಗದು.

"ಯಾವ ನಿಯಮ ಇದು?" ಎಂದು ನಡುಮನೆಯಲ್ಲಿ ನಿಂತು ಕೇಳಿದರು.

ಎಲ್ಲರೂ ಗುಮಾಸ್ತರ ಕಡೆ ನೋಡಿದರು. ಗಿಳಿಯೂ ನೋಡಿತು. ಕಾಫಿ ತಟ್ಟೆ ಹಿಡಿದ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಗುಮಾಸ್ತರು "ಹೌದ್ಹೌದು" ಎಂದು ನೋಡಿದರು. ಈ ಪ್ರಶ್ನೆಗೆ ಅದು ಒಗ್ಗಲಿಲ್ಲ.

"ಅಂಥ ನಿಯಮ ಯಾವುದೂ ಇಲ್ಲ ಸಾರ್," ಎಂದರು ಕೊನೆಗೆ. "ನಾನು ಸುಳ್ಳು ಹೇಳಿದೆ. ಏಣಿ ಹಿಡಿಯೋದು ತಪ್ಪಿಸಿಕೊಳ್ಳೋಕೆ ಗೆಳೆಯರು ಬರ್ತಾರೆ ಅಂದೆ. ಇವರೆಲ್ಲ ಸಾಮಾನು ಕಳ್ಕೊಂಡೋರು. ಇವರ್ಯಾರೂ ನನ್ನ ಗೆಳೆಯರಲ್ಲ. ನನಗೆ ಗೆಳೆಯರು ಅಂತ ಯಾರೂ ಇಲ್ಲ."

ಹೆಂಡತಿಯ ಮುಖ ನೋಡುವ ಧೈರ್ಯ ಗುಮಾಸ್ತರಿಗೆ ಇರಲಿಲ್ಲ. ಕೇಕಿನ ಖಾಲಿ ತಟ್ಟೆಯನ್ನೇ ನೋಡುತ್ತಾ ನಿಂತರು.

"ಯಾರು ಹೇಳಿದ್ದು?" ಎಂಬ ಸಣ್ಣ ದನಿ ಬಂತು. ಅಜ್ಜಿ ಎದ್ದು ನಿಂತಿದ್ದರು. ಎದ್ದದ್ದು ಹಿಂದಿನವರಿಗೆ ಗೊತ್ತಾಗಲಿಲ್ಲ. "ನಿಯಮ ಇಲ್ಲದಿದ್ರೆ ಬೇಡ. ಇವರು ನನ್ನ ಗೆಳೆಯರೇ."

"ನನಗೂ ಗೆಳೆಯರೇ," ಎಂದ ತುತ್ತೂರಿಯವನು. "ನನಗೂ!" ಎಂದು ಹರಾಜಿನವರು ಕೂಗಿದರು, ಮೇಲಿನ ಬೆಲೆ ಕೂಗಿದಂತೆ.

ಮೇಲಧಿಕಾರಿ ಗಲ್ಲ ಕೆರೆದುಕೊಂಡರು. ಒಂದು ವಸ್ತು, ಅದರ ಮೇಲೆ ಇಷ್ಟು ಜನರ ಹಕ್ಕು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕುರ್ಚಿ ಎಳೆದು ಕೂತರು. "ಗುರುತು ಹೇಳಿ," ಎಂದರು.

"ಪ್ರಶ್ನೆ ಮುಗಿಯೋ ಮೊದಲೇ ಹೌದ್ಹೌದು ಅಂತಾರೆ," ಎಂದ ತುತ್ತೂರಿಯವನು. "ಕಾಫಿ ಆರಿ ತಣ್ಣಗಾಗಿದ್ರೂ ಊದಿಕೊಂಡೇ ಕುಡೀತಾರೆ. ಊದೋ ವಿಷಯ ನನಗೆ ಗೊತ್ತಾಗುತ್ತೆ."

"ನನಗೆ ಹಲ್ಲಿಲ್ಲ ಅಂತ ಕೇಕಿನ ಮೆತ್ತಗಿನ ಭಾಗ ಬಿಡಿಸಿ ಕೊಟ್ಟ. ಗಟ್ಟಿ ಅಂಚೆಲ್ಲ ತಾನೇ ತಿಂದ," ಎಂದರು ಹರಾಜಿನವರು. "ನಾನು ಕೇಳಿರಲಿಲ್ಲ."

"ಬಲತೋಳಿನ ಗುಂಡಿ ಬೇರೆ ಬಣ್ಣದ್ದು," ಎಂದರು ಅಜ್ಜಿ. "ತಾವೇ ಹೊಲಿದುಕೊಂಡಿದ್ದಾರೆ, ಯಾರಿಗೂ ತೊಂದರೆ ಕೊಡಬಾರದು ಅಂತ."

"ನನಗೆ ಕೊಡಬಹುದಿತ್ತು ತೊಂದರೆ," ಎಂದ ದರ್ಜಿ ಬೇಸರದಿಂದ.

ಮೇಲಧಿಕಾರಿ ಭಾವನ ಕಡೆ ತಿರುಗಿದರು. "ನೀವು ಸಂಬಂಧಿಕರಲ್ವಾ? ನೀವು ಹೇಳಿ."

ಸಾವಿರ ಬೆಂಕಿಗಳ ಮೂಲ ಕಂಡುಹಿಡಿದಿದ್ದ ಭಾವ ಗುಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೆತ್ತಿ ಮೇಲೆ," ಎಂದರು, "ಸ್ವಲ್ಪ ಕೂದಲು ಹೋಗಿದೆ."

"ಅದು ಮೇಲಿನಿಂದ ಕಾಣೋದು. ಕೆಳಗಿನದು ಏನಾದ್ರೂ?"

ಭಾವನಿಗೆ ಏನೂ ಹೊಳೆಯಲಿಲ್ಲ. ಅವರ ಮುಖ ಕೆಂಪಾಯಿತು. ಪಾಪ, ಆ ಹೊತ್ತಿನಲ್ಲಿ ಅವರನ್ನು ನೋಡಿದರೆ ಗುಮಾಸ್ತರಿಗೇ ಅಯ್ಯೋ ಅನ್ನಿಸಿತು.

"ನಾನೂ ಹೇಳಲಾ?" ಎಂದು ಹೆಂಡತಿ ಮುಂದೆ ಬಂದಳು. "ಸುಳ್ಳು ಹೇಳಿದಾಗ ಇವರ ಎಡಗಿವಿ ಕೆಂಪಾಗುತ್ತೆ. ಗುರುವಾರ ಸಂಜೆಯಿಂದ ಕೆಂಪಾಗೇ ಇತ್ತು. ಇದೀಗ ಇಳೀತು."

ಗುಮಾಸ್ತರು ಕಿವಿ ಮುಟ್ಟಿ ನೋಡಿಕೊಂಡರು. "ಗುರುವಾರಾನೇ ಗೊತ್ತಿತ್ತಾ? ಮತ್ತೆ ಪರದೆ ಒಗೆದೆ, ಕುರ್ಚಿ ತರಿಸಿದೆ, ಕೇಕ್ ಮಾಡಿದೆ?"

"ಯಾರು ಬರ್ತಾರೋ ನೋಡೋಣ ಅಂತ ಕುತೂಹಲ," ಎಂದಳು ಆಕೆ. "ಬಂದರಲ್ಲ."

ಮೇಲಧಿಕಾರಿ ಎದ್ದರು. "ಗುರುತು ಸರಿಯಾಗಿದೆ," ಎಂದು ತೀರ್ಪು ಕೊಟ್ಟು, ಹೋಗುವ ಮುನ್ನ ಒಂದು ಕಾಫಿ ಕೇಳಿ ಕುಡಿದರು.

ಸೋಮವಾರ ಎಲ್ಲರ ಸಾಮಾನೂ ಎಲ್ಲರಿಗೂ ಸೇರಿತು. ಹರಾಜಿನವರು ಅಲ್ಲೇ ಹಲ್ಲು ತೊಟ್ಟು ನಕ್ಕರು; ಗುಮಾಸ್ತರು ವರ್ಣಿಸಿದ್ದಕ್ಕಿಂತ ಚೆನ್ನಾಗಿತ್ತು. ಕಪಾಟು ಖಾಲಿಯಾಯಿತು.

ಭಾವನ ಸುದ್ದಿ ಮಾತ್ರ ಇರಲಿಲ್ಲ. ಗುರುವಾರ ಮಧ್ಯಾಹ್ನ ಫೋನು ಹೊಡೆದುಕೊಂಡಾಗ ಗುಮಾಸ್ತರು ಮೊದಲೇ ಸಿದ್ಧವಾಗಿದ್ದರು. "ಶನಿವಾರ ಗೆಳೆಯರು ಬರ್ತಿದ್ದಾರೆ ಭಾವ," ಎಂದರು. ಎಡಗಿವಿ ತಣ್ಣಗಿತ್ತು.

"ಗೊತ್ತು," ಎಂದರು ಭಾವ. "ನಾನು ಫೋನ್ ಮಾಡಿದ್ದು ಬೇರೆ ವಿಷಯಕ್ಕೆ. ನಿಮ್ಮ ಕಚೇರಿ ಕೆಲಸ. ಬೆಳಗ್ಗೆ ರೈಲಿನಲ್ಲಿ ನನ್ನದೊಂದು ಸಾಮಾನು ಮರೆತುಬಿಟ್ಟೆ."

"ಏನು ಸಾಮಾನು?"

"ಏಣಿ."

ಗುಮಾಸ್ತರು ತಲೆಯೆತ್ತಿದರು. ಕಾವಲುಗಾರ ಒಂದು ಉದ್ದನೆಯ ಏಣಿಯನ್ನು ಬಾಗಿಲಿಂದ ಒಳಗೆ ತೂರಿಸಲಾಗದೆ, ಅಡ್ಡಡ್ಡ ಹಿಡಿದು ಪರದಾಡುತ್ತಿದ್ದ. ಇಷ್ಟು ವರ್ಷದ ನೌಕರಿಯಲ್ಲಿ ರೈಲಿನಲ್ಲಿ ಏಣಿ ಮರೆತವರನ್ನು ಅವರು ಕಂಡಿರಲಿಲ್ಲ.

"ಗುರುತು ಹೇಳಿ," ಎಂದರು.

"ಎದೆಮಟ್ಟಕ್ಕೆ ಎರಡೂ ಕಡೆ ಬಣ್ಣ ಸವೆದುಹೋಗಿದೆ," ಎಂದರು ಭಾವ. "ಒಂದೊಂದು ಅಂಗೈ ಅಗಲ. ಭಾನುವಾರ ಮನೆಗೆ ಹೋಗಿ ನೋಡಿದೆ. ನೀನು ಹಿಡ್ಕೊಂಡು ಹಿಡ್ಕೊಂಡು ಆಗಿರೋದು."

ಗುಮಾಸ್ತರು ಫೋನನ್ನು ಮೇಜಿನ ಮೇಲಿಟ್ಟು ಏಣಿಯ ಹತ್ತಿರ ಹೋದರು. ಸವೆದ ಜಾಗ ಎರಡೂ ಕಡೆ ಇತ್ತು. ಅಂಗೈ ಇಟ್ಟು ನೋಡಿದರು, ಸರಿಯಾಗಿ ಕೂತಿತು. ವಾಪಸು ಬಂದು ಫೋನು ಎತ್ತಿಕೊಂಡರು.

"ಗುರುತು ಸರಿಯಾಗಿದೆ ಭಾವ," ಎಂದರು. "ಆದರೆ ನಿಯಮ ಗೊತ್ತಲ್ಲ? ಶನಿವಾರ ಮನೆಗೆ ಬರಬೇಕು. ಎರಡು ದಿನ ಇರಬೇಕು. ಕಾಫಿ ಕಡ್ಡಾಯ."

"ಹೌದ್ಹೌದು," ಎಂದರು ಭಾವ.